ಅತ್ತೆಯ ಎಲೆಬಳ್ಳಿಗೆ ನಾನು ಹನಿ ನೀರು ಕಟ್ಟಿದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅತ್ತೆಯ ಎಲೆಬಳ್ಳಿಯನ್ನು ಸಾಯುವ ಸ್ಥಿತಿಗೆ ತಂದವನು ನಾನು. ಅದು ಸಾಲದೆಂದು, ಬಳ್ಳಿ ಸುಖವಾಗಿದೆ ಅಂತ ಪಕ್ಕದ ಮನೆಯವರ ದನಿಯಲ್ಲಿ ಸುಳ್ಳು ಹೇಳಿದವನೂ ನಾನೇ. ಈ ಎರಡರಲ್ಲಿ ಯಾವುದು ದೊಡ್ಡ ದಡ್ಡತನ ಅನ್ನುವುದನ್ನು ಪೂರ್ತಿ ಕೇಳಿದ ಮೇಲೆ ನೀವೇ ಹೇಳಿ. ಮೂರು ಬೇಸಿಗೆ ಕಳೆದರೂ ನನಗಂತೂ ತೀರ್ಮಾನವಾಗಿಲ್ಲ.

ಇದೆಲ್ಲ ನೆನಪಾಗುವುದಕ್ಕೆ ಕಾರಣ ಒಂದು ‘ಟಿಕ್’. ದಿನಾ ಬೆಳಿಗ್ಗೆ ಆರು ಗಂಟೆಗೆ ಹಿತ್ತಲಿನ ನಲ್ಲಿಗೆ ಸಿಕ್ಕಿಸಿರುವ ಟೈಮರು ಟಿಕ್ ಎನ್ನುತ್ತದೆ. ಆಮೇಲೆ ‘ಗೊರ್ರ್’ ಎಂದು ಒಂದು ಸಲ ಗಂಟಲು ಸರಿಮಾಡಿಕೊಳ್ಳುತ್ತದೆ. ಆಮೇಲೆ ಕಪ್ಪು ಪೈಪಿನೊಳಗೆ ನೀರು ನುಸುಳಿಕೊಂಡು ಹೋಗುವ ಸದ್ದು, ಕಿವಿಗೊಟ್ಟರೆ ಮಾತ್ರ ಕೇಳುವಂಥದ್ದು. ಈ ಮೂರು ಸದ್ದನ್ನೂ ನಾನು ಬಾಯಲ್ಲೇ ಮಾಡಬಲ್ಲೆ. ಹಿಂದಿನ ನಾನಾಗಿದ್ದರೆ ಏಳು ಗಂಟೆಗೆ ಇನ್ನೊಂದು ಸಲ ‘ಟಿಕ್, ಗೊರ್ರ್’ ಮಾಡಿ ಅತ್ತೆಯನ್ನು ಅಡುಗೆಮನೆಯಿಂದ ಓಡಿಸುತ್ತಿದ್ದೆ. ಈಗ ಮಾಡುವುದಿಲ್ಲ. ಯಾಕೆ ಮಾಡುವುದಿಲ್ಲ ಅನ್ನುವುದೇ ಈ ಕತೆ.

ನನ್ನ ವಿಷಯ ಸ್ವಲ್ಪ ಹೇಳಬೇಕು. ನಾನು ಶ್ರೀರಾಂಪುರದ ಒಂದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸ್ವಿಚ್ಚು, ಬಲ್ಬು, ವೈರು ಮಾರುವವನು. ಎರಡು ವರ್ಷ ಸ್ವಿಚ್ಚು ಮಾರಿದವನಿಗೆ ತಾನೂ ಒಬ್ಬ ಇಂಜಿನಿಯರು ಅನ್ನಿಸುವುದು ಸಹಜ. ಇರುವುದು ವಿದ್ಯಾರಣ್ಯಪುರಂನಲ್ಲಿ, ಅತ್ತೆ ಗಿರಿಜಮ್ಮನ ಮನೆಯ ಮುಂದಿನ ಕೋಣೆಯಲ್ಲಿ. ಅತ್ತೆ ಅಂದರೆ ಅಪ್ಪನ ಅಕ್ಕ. ನನ್ನ ಇನ್ನೊಂದು ಕಸುಬು ಮಿಮಿಕ್ರಿ. ಆರತಕ್ಷತೆಗಳಲ್ಲಿ ಊಟದ ಪಂಕ್ತಿ ತಡವಾದರೆ ಜನ ರೊಚ್ಚಿಗೇಳದ ಹಾಗೆ ನನ್ನನ್ನು ಮೈಕಿನ ಮುಂದೆ ನಿಲ್ಲಿಸುತ್ತಾರೆ. ಅಲ್ಲಿ ನಾನು ಯಾರು ಯಾರನ್ನೋ ಮಾಡಿ ಚಪ್ಪಾಳೆ ಗಿಟ್ಟಿಸುತ್ತೇನಾದರೂ ನನ್ನ ನಿಜವಾದ ಬಂಡವಾಳ ಮನೆಯ ಸುತ್ತಲೇ ಇದೆ. ಮಹಡಿಯ ಮೇಲೆ ಬಾಡಿಗೆಗಿರುವ ನಿವೃತ್ತ ಗಣಿತದ ಮೇಷ್ಟ್ರು, ಪ್ರತಿ ಮಾತಿನ ತುದಿಗೂ ‘ಸರಿಯಾ?’ ಎಂದು ಕೇಳಿ, ಯಾರೂ ಉತ್ತರ ಕೊಡದಿದ್ದರೆ ಕಾಯುತ್ತಾ ನಿಲ್ಲುವವರು. ಪಕ್ಕದ ಮನೆಯ ಸರ್ವಮಂಗಳಮ್ಮ, ಮಾತಿಗೆ ಮುಂಚೆ ‘ಉಹ್ಹು’ ಎಂದು ಒಂದು ಸಣ್ಣ ಕೆಮ್ಮು, ಕೊನೆಗೆ ‘ಅಷ್ಟೇಯಾ’ ಎಂಬ ಮೊಳೆ. ಅತ್ತೆ ಕೊಟ್ಟ ಹೋಳಿಗೆ ತಿಂದು, ‘ಉಹ್ಹು, ಊರ್ಣ ಒಂಚೂರು ತರಿತರಿ, ಅಷ್ಟೇಯಾ.’ ಅತ್ತೆಯ ದಾಸವಾಳ ನೋಡಿ, ‘ಉಹ್ಹು, ನಮ್ಮ ತವರಲ್ಲಿ ತಟ್ಟೆಯಗಲ ಬಿಡ್ತಿತ್ತು, ಅಷ್ಟೇಯಾ.’ ಆ ಕೆಮ್ಮನ್ನು ಕಲಿಯಲು ನನಗೆ ಒಂದು ತಿಂಗಳು ಹಿಡಿದಿತ್ತು. ಅಷ್ಟು ಶ್ರದ್ಧೆಯನ್ನು ನಾನು ಪಿಯುಸಿ ಪರೀಕ್ಷೆಗೂ ಕೊಟ್ಟವನಲ್ಲ.

ಇನ್ನು ಬಳ್ಳಿ. ನಮ್ಮ ಬಡಾವಣೆಯ ಆಚೆ, ಈಗ ಮನೆಗೆ ಮನೆ ಅಂಟಿಕೊಂಡಿರುವ ಕಡೆ, ಹಿಂದೆ ವೀಳ್ಯದೆಲೆ ತೋಟಗಳಿದ್ದವು. ಅತ್ತೆಯ ಮಾವನವರು ಅಲ್ಲಿ ತೋಟ ಮಾಡುತ್ತಿದ್ದರು. ತೋಟ ಸೈಟುಗಳಾಗಿ ಹೋದಾಗ ಗೇಣುದ್ದದ ಒಂದು ಬಳ್ಳಿಯ ತುಂಡನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದು, ಹಿತ್ತಲಿನ ನುಗ್ಗೆಮರದ ಬುಡದಲ್ಲಿ ಊರಿದರಂತೆ. ಅದೇ ಬಳ್ಳಿ ಇದು. ಅದರ ಹತ್ತಿರ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ಮಾವನವರು ಬಿಟ್ಟುಹೋದ ಕಬ್ಬಿಣದ ಉಗುರೊಂದಿದೆ, ಹೆಬ್ಬೆರಳಿಗೆ ಹಾಕಿಕೊಳ್ಳುವಂಥದ್ದು. ಎಲೆ ಬಿಡಿಸುವುದಾದರೆ ಅದರಲ್ಲೇ ಬಿಡಿಸಬೇಕು. ಮನೆಯಲ್ಲಿ ಯಾವ ಶುಭಕಾರ್ಯವಾದರೂ ಮೊದಲ ತಾಂಬೂಲ ಈ ಬಳ್ಳಿಯ ಎಲೆಯದ್ದು. ಆ ಬೇಸಿಗೆಯಲ್ಲಿ ಅತ್ತೆಯ ಮಗಳು ಕುಸುಮಕ್ಕನ ನಿಶ್ಚಿತಾರ್ಥ ಗೊತ್ತಾಗಿತ್ತು. ಇನ್ನು ಒಂದೇ ತಿಂಗಳು. ಎರಡೂ ಕಡೆಯವರು ವೀಳ್ಯ ಬದಲಾಯಿಸಿಕೊಳ್ಳುವಾಗ ತಟ್ಟೆಯಲ್ಲಿರಬೇಕಾದದ್ದು ಈ ಎಲೆ. ಅತ್ತೆ ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಅನ್ನಕ್ಕೆ ಅಕ್ಕಿ ಬೇಕು ಎಂದು ಯಾರಾದರೂ ಹೇಳುತ್ತಾರೆಯೇ?

ಅಷ್ಟರಲ್ಲಿ ಹುಣಸೂರಿನ ಹತ್ತಿರ ಶಾಲೆಯಲ್ಲಿ ಪಾಠ ಹೇಳುವ ಕುಸುಮಕ್ಕನಿಗೆ ಅಮ್ಮ ಎದ್ದಿತು. ಮೈತುಂಬ ಸೀತಾಳೆ ಗುಳ್ಳೆ. ಅತ್ತೆ ಬೇವಿನ ಸೊಪ್ಪು ಕಟ್ಟಿಕೊಂಡು ಮೂರು ವಾರಕ್ಕೆ ಹೊರಟರು. ಬಳ್ಳಿಗೆ ನೀರು ಹಾಕಲು ಸರ್ವಮಂಗಳಮ್ಮನಿಗೆ ಹೇಳಿ ಹೋಗುತ್ತೇನೆ ಎಂದರು. ನಾನು ಎದೆ ಉಬ್ಬಿಸಿದೆ.

“ಯಾರಿಗೂ ಹೇಳ್ಬೇಡಿ ಅತ್ತೆ. ಆಟೋಮ್ಯಾಟಿಕ್ ಡ್ರಿಪ್ ಹಾಕಿಬಿಡ್ತೀನಿ. ಟೈಮ್ ಇಟ್ರೆ ಸಾಕು. ನಾನು ಮರೆತ್ರೂ ಅದು ಮರೆಯಲ್ಲ.”

ಅತ್ತೆ ನನ್ನನ್ನು ಒಂದು ಗಳಿಗೆ ನೋಡಿದರು. “ನೀನು ಮರೀತೀಯ ಅಂತ ನಂಗೆ ಭಯ ಇಲ್ಲ ಕಣೋ. ನೆನಪಿಟ್ಕೊಂಡು ಏನಾದ್ರೂ ಮಾಡ್ತೀಯಲ್ಲ, ಅದೇ ಭಯ.”

ಅವರು ಹೋದ ಮಾರನೆಯ ದಿನವೇ ಡಬ್ಬಿ ಬಿಚ್ಚಿದೆ. ಹೆಬ್ಬೆರಳು ಗಾತ್ರದ ಕಪ್ಪು ಪೈಪು, ಕಡ್ಡಿ ಗಾತ್ರದ ಸಣ್ಣ ಪೈಪು, ಕೆಂಪು ತಲೆಯ ಹನಿ ಬಿಡುವ ಗುಂಡಿಗಳು, ಎರಡು ಸೆಲ್ಲು ಹಾಕುವ ಟೈಮರು. ಪೈಪಿನ ತುದಿ ಗಟ್ಟಿಯಾಗಿ ಯಾವುದಕ್ಕೂ ಕೂರಲೊಲ್ಲದು. ಬಿಸಿನೀರಿನಲ್ಲಿ ಅದ್ದಿದರೆ ಮೆತ್ತಗಾಗುತ್ತದೆ ಎಂದು ಕಾಗದದಲ್ಲಿ ಬರೆದಿತ್ತು. ಕೈಗೆ ಸಿಕ್ಕ ಪಾತ್ರೆಯಲ್ಲಿ ನೀರು ಕಾಯಿಸಿದೆ. ಅದು ಅತ್ತೆಯ ಕಾಫಿ ಪಾತ್ರೆ ಎಂದು ಗೊತ್ತಿತ್ತು, ಆದರೂ ಕಾಯಿಸಿದೆ. ಬಳ್ಳಿಗೆ ನಾಲ್ಕು ಗುಂಡಿ, ಕರಿಬೇವಿಗೆ ಎರಡು, ದಾಸವಾಳಕ್ಕೂ ಕನಕಾಂಬರಕ್ಕೂ ಒಂದೊಂದು. ಸಂಜೆಗೆ ನಲ್ಲಿ ತಿರುಗಿಸಿದಾಗ ಕಾಂಪೌಂಡಿನ ಮೇಲೆ ಸರ್ವಮಂಗಳಮ್ಮನ ತಲೆ, ಮೆಟ್ಟಿಲ ಮೇಲೆ ಮೇಷ್ಟ್ರು. ನಾವು ಮೂವರೂ ಉಸಿರು ಹಿಡಿದು ಕಾದೆವು. ಪೈಪು ಒಮ್ಮೆ ತೇಗಿತು. ಕೆಂಪು ತಲೆಯ ತುದಿಯಲ್ಲಿ ಒಂದು ಹನಿ ಹುಟ್ಟಿ, ತೂಗಿ, ಯೋಚಿಸಿ, ಬಿತ್ತು.

“ಉಹ್ಹು, ಇದೇನೋ, ಮಗು ಮೂಗು ಸೋರಿದಂಗೆ?” ಎಂದರು ಸರ್ವಮಂಗಳಮ್ಮ. “ಬೇಸಿಗೇಲಿ ಇದು ನೆಕ್ಕೋಕೂ ಸಾಲದು, ಅಷ್ಟೇಯಾ.”

“ನೋಡಪ್ಪಾ,” ಎಂದರು ಮೇಷ್ಟ್ರು, “ಹತ್ತು ನಿಮಿಷಕ್ಕೆ ಒಂದು ಗುಂಡೀಲಿ ಎರಡು ಲೋಟ ನೀರು. ಸರಿಯಾ? ಎರಡು ಲೋಟ ಕಾಫಿ ಕುಡಿದು ನೀನು ಇಡೀ ದಿನ ಇರ್ತೀಯಾ?”

ನಾನು ಇಬ್ಬರಿಗೂ ಹನಿ ನೀರಾವರಿಯ ಮಹಿಮೆಯ ಮೇಲೆ ಒಂದು ಭಾಷಣ ಕೊಟ್ಟೆ, ಅದೂ ಅವರವರ ದನಿಯಲ್ಲೇ. ಮೇಷ್ಟ್ರು ಸಿಟ್ಟಾಗಿ ಮಹಡಿ ಹತ್ತಿದರು. ಸರ್ವಮಂಗಳಮ್ಮನ ತಲೆ ಇಳಿಯಿತು.

ಐದನೆಯ ದಿನ ಮೊದಲ ಎಲೆ ಹಳದಿಯಾಯಿತು. ಒಂದೇ ಒಂದು, ಬುಡದ ಹತ್ತಿರ. ವಯಸ್ಸಾಗಿರಬೇಕು ಎಂದುಕೊಂಡು ಜೇಬಿಗೆ ಹಾಕಿಕೊಂಡೆ. ಆರನೆಯ ದಿನ ನಾಲ್ಕು. ಅವೂ ಜೇಬಿಗೆ. ಅವರಿಬ್ಬರೂ ಹೇಳಿದ್ದು ಸರಿ, ಬಳ್ಳಿಗೆ ಬಾಯಾರಿದೆ! ಹತ್ತು ನಿಮಿಷವನ್ನು ಇಪ್ಪತ್ತು ಮಾಡಿದೆ. ಎಂಟನೆಯ ದಿನ ಒಂಬತ್ತು ಎಲೆ. ಇಪ್ಪತ್ತನ್ನು ಮುಕ್ಕಾಲು ಗಂಟೆ ಮಾಡಿ, ಸಂಜೆಗೂ ಒಂದು ಸರದಿ ಇಟ್ಟೆ. ಬೆಳಿಗ್ಗೆ ಎದ್ದವನೇ ಬರಿಗಾಲಲ್ಲಿ ಹಿತ್ತಲಿಗೆ ಓಡಿ, ಉದುರಿದ ಎಲೆಗಳನ್ನು ಯಾರೂ ನೋಡುವ ಮುಂಚೆ ಆರಿಸಿ ಜೇಬಿಗೆ ತುಂಬುವುದು, ಅಂಗಡಿಗೆ ಹೋಗುವ ದಾರಿಯಲ್ಲಿ ಎಲ್ಲಾದರೂ ಎಸೆಯುವುದು. ಒಂದು ದಿನ ಎಸೆಯಲು ಮರೆತು, ಗಿರಾಕಿಗೆ ಚಿಲ್ಲರೆ ಕೊಡಲು ಹೋಗಿ ಹಿಡಿ ತುಂಬ ಹಳದಿ ವೀಳ್ಯದೆಲೆ ತೆಗೆದಿಟ್ಟೆ. ಆತ ಅಡಿಕೆ ಎಲ್ಲಿ ಎಂದು ಕೇಳಿದ.

ನಗಬೇಡಿ. ಅವತ್ತು ನನಗೆ ನಗು ಬಂದಿರಲಿಲ್ಲ. ಕಣ್ಣು ಮುಚ್ಚಿದರೆ ಖಾಲಿ ನುಗ್ಗೆಮರ, ಅದರ ಕೆಳಗೆ ಖಾಲಿ ತಟ್ಟೆ ಹಿಡಿದು ನಿಂತ ಅತ್ತೆ.

ಸಂಜೆ ಏಳಕ್ಕೆ ಅತ್ತೆಯ ಫೋನು. ಮಗಳ ಗುಳ್ಳೆ, ನನ್ನ ಊಟ, ಹಾಲಿನವನು, ಯಾವುದೂ ಮೊದಲಲ್ಲ. “ಬಳ್ಳಿ ಹೇಗಿದೆ?” ಎಂಬುದೇ ಮೊದಲು. “ಚೆನ್ನಾಗಿದೆ ಅತ್ತೆ.” ಕುಸುಮಕ್ಕನ ಫೋನಿಗೆ ಫೋಟೋ ಕಳಿಸು ಅನ್ನುವರು. ಮೊದಲ ದಿನ ಹೆಮ್ಮೆಯಿಂದ ಹನ್ನೆರಡು ಫೋಟೋ ತೆಗೆದಿದ್ದೆ. ಅವನ್ನೇ ದಿನಕ್ಕೊಂದರಂತೆ ಕಳಿಸುತ್ತಾ ಬಂದೆ. ಹನ್ನೆರಡನೆಯದು ಮುಗಿದ ಸಂಜೆ ಅತ್ತೆ ಹೇಳಿದರು: “ಫೋಟೋ ಸಾಕು. ಸರ್ವಮಂಗಳ ಕೈಗೆ ಫೋನ್ ಕೊಡು. ಅವಳ ಫೋನು ಮೊಮ್ಮಗಳ ಆಟಕ್ಕೇ ಆಯ್ತು, ಎತ್ತೋದೇ ಇಲ್ಲ. ಅವಳ ಬಾಯಿಂದ ಕೇಳ್ಬೇಕು ನಾನು.”

ಬಳ್ಳಿ ಆಗ ಅರ್ಧ ಬೋಳಾಗಿತ್ತು. ಸರ್ವಮಂಗಳಮ್ಮನ ಕೈಗೆ ಫೋನು ಕೊಟ್ಟರೆ ನನ್ನ ಕತೆ ಅಲ್ಲಿಗೆ ಮುಗಿಯಿತು. ನಾನು ಹಿತ್ತಲಿನ ಒಗೆಯುವ ಕಲ್ಲಿನ ಹಿಂದೆ ನಿಂತು, “ಇರಿ ಅತ್ತೆ, ಕರೀತೀನಿ” ಎಂದೆ. ನಿಂತಲ್ಲೇ ಹತ್ತು ಹೆಜ್ಜೆ ಹಾಕಿದೆ. ‘ಕಿರ್ರ್’ ಎಂದು ಬಾಯಲ್ಲೇ ಪಕ್ಕದ ಮನೆಯ ಗೇಟು ತೆಗೆದೆ. “ಆಂಟೀ, ಅತ್ತೆ ಫೋನು” ಎಂದು ದೂರದಿಂದ ಕೂಗಿದೆ. ಆಮೇಲೆ ಆ ಒಂದು ತಿಂಗಳ ಸಾಧನೆಯ ಕೆಮ್ಮು.

“ಉಹ್ಹು… ನಾನು ಕಣ್ರೀ ಗಿರಿಜಮ್ಮ. ಮಗು ಹೆಂಗಿದಾಳೆ?”

“ಗುಳ್ಳೆ ಬಾಡ್ತಿದೆ. ಬಳ್ಳಿ ಹೇಗಿದೆ ಹೇಳು.”

“ಬಳ್ಳೀನಾ? ಏನ್ ಚೆನ್ನಾಗಿದೆ ಕಣ್ರೀ! ಎಲೆ ಒಂದೊಂದೂ ಅಂಗೈಯಗಲ, ಫಳಫಳ ಅಂತಿದೆ. ಎಲ್ಲ ನಿಮ್ಮ ಕೈಗುಣ ಕಣ್ರೀ, ಅಷ್ಟೇಯಾ.”

ಇನ್ನೇನಾದರೂ ಕೇಳಿಯಾರು ಎಂದು ಇನ್ನೊಂದು ಕೆಮ್ಮು ಸಿದ್ಧಮಾಡಿಕೊಂಡೆ. ಅತ್ತೆ, “ಹೌದಾ,” ಎಂದರು. ಇನ್ನೊಂದು ಸಲ, “ಹೌದಾ. ಸರಿ ಬಿಡು,” ಎಂದು ಫೋನಿಟ್ಟರು.

ಗೆದ್ದೆ ಎಂದು ತಲೆ ಎತ್ತಿದೆ. ಕಾಂಪೌಂಡಿನ ಮೇಲೆ ನಿಜವಾದ ಸರ್ವಮಂಗಳಮ್ಮನ ತಲೆ ಇತ್ತು.

ಎಷ್ಟು ಹೊತ್ತಿನಿಂದ ಇತ್ತೋ ಗೊತ್ತಿಲ್ಲ. ಅವರು ಕೆಮ್ಮಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು. ಮೊದಲು ನನ್ನನ್ನು ನೋಡಿದರು, ಆಮೇಲೆ ಬಳ್ಳಿಯನ್ನು, ಮತ್ತೆ ನನ್ನನ್ನು.

“ನನ್ನ ದನಿ ಅಷ್ಟೊಂದು ಕೀರಲೇನೋ?”

“ಆಂಟಿ, ಅದು… ಸುಮ್ನೆ…”

“ಗಿರಿಜಮ್ಮ ಬರ್ಲಿ,” ಎಂದರು. ತಲೆ ಇಳಿಯಿತು.

ಮಾರನೆಯ ಬೆಳಿಗ್ಗೆ ಏಳೂವರೆಗೆ ಗೇಟಿನ ಮುಂದೆ ಹಳೆಯ ಮೊಪೆಡ್ಡೊಂದು ನಿಂತಿತು. ಇಳಿದವರು ಮಾದಯ್ಯ. ಹುಡುಗನಾಗಿದ್ದಾಗಿನಿಂದ ಅತ್ತೆಯ ಮಾವನವರ ತೋಟದಲ್ಲಿ ಎಲೆ ಬಿಡಿಸಿದವರು, ಈಗ ಕೆಸರೆಯಲ್ಲಿ ಸ್ವಂತ ನರ್ಸರಿ ಇಟ್ಟುಕೊಂಡಿದ್ದಾರೆ. “ಈ ಕಡೆ ಕೆಲ್ಸ ಇತ್ತು, ಅಂಗೇ ಬಂದೆ,” ಎಂದರು. ಊರಿನ ಆ ತುದಿಯಿಂದ ಈ ತುದಿಗೆ ‘ಅಂಗೇ’ ಯಾರು ಬರುತ್ತಾರೆ ಎಂದು ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ದೇವರೇ ಕಳಿಸಿದ ಎಂದುಕೊಂಡೆ.

ಹಿತ್ತಲ ಬಾಗಿಲಲ್ಲಿ ಅವರು ಚಪ್ಪಲಿ ಬಿಟ್ಟರು. ನನ್ನ ಕಾಲನ್ನು ನೋಡಿದರು. ನಾನೂ ಬಿಟ್ಟೆ. ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಎರಡು ಬೆರಳನ್ನು ಮಣ್ಣಿಗೆ ಇಳಿಸಿ, ತೆಗೆದು ಮೂಸಿ, ನನ್ನ ಮೂಗಿಗೂ ಹಿಡಿದರು.

“ಏನ್ ವಾಸ್ನೆ?”

“ಚರಂಡಿ.”

“ಚರಂಡಿನೇ. ನೀರಿಲ್ದೆ ಒಣಗೋ ಬಳ್ಳಿ ಜೋಲ್ತದೆ ಮಗಾ. ಇದು ಅಳ್ದಿಯಾಗಿ ಉದುರ್ತಾ ಅದೆ. ಬೇರಿಗೆ ಉಸ್ರು ಕಟ್ಟದೆ. ಎಷ್ಟು ನೀರು ಬುಡ್ತಿದ್ದೀಯ?”

ಹೇಳಿದೆ. ಅವರು ಟೈಮರನ್ನು ಒತ್ತಿಸಿ, ಗುಂಡಿಯ ಕೆಳಗೆ ಅಂಗೈ ಹಿಡಿದು, ಕಣ್ಣು ಮುಚ್ಚಿ ಹನಿಗಳನ್ನು ಹಿಡಿದರು. ಆಮೇಲೆ ತಲೆ ಅಲ್ಲಾಡಿಸಿದರು. “ನಿಂದು ಜಾಸ್ತಿನೇ. ಆದ್ರೆ ಈ ಅನೀಲಿ ಇಷ್ಟು ಕೆಸರು ಆಗಕ್ಕಿಲ್ಲ. ಇನ್ಯಾರು ಉಯ್ತಾವ್ರೆ?”

“ಇನ್ಯಾರೂ ಇಲ್ಲ,” ಎಂದೆ ನಾನು.

ಕಾಂಪೌಂಡಿನ ಆಚೆಯಿಂದ ಒಂದು ಕೆಮ್ಮು ಕೇಳಿಸಿತು. ಈ ಸಲ ನನ್ನದಲ್ಲ. “ಉಹ್ಹು… ಒಂದು ಕೊಡ. ಎರಡು. ಇವನು ಅಂಗಡಿಗೆ ಹೋದ್ಮೇಲೆ ಇಲ್ಲಿಂದ್ಲೇ ಬಗ್ಗಿಸ್ತಿದ್ದೆ. ಆ ಹನಿ ನೋಡಿ ಹೊಟ್ಟೆ ಉರೀತಿತ್ತು ಕಣ್ರೀ. ಪಕ್ಕದಲ್ಲಿದ್ದೂ ಒಂದು ತೊಟ್ಟು ನೀರು ಹಾಕ್ಲಿಲ್ಲ ಅಂತ ಗಿರಿಜಮ್ಮ ನನ್ನೇ ಅನ್ನಲ್ವಾ?”

ಮೆಟ್ಟಿಲ ಮೇಲೆ ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. “ನಾನು ಬೆಳಗಿನ ವಾಕಿಂಗ್ ಹೋಗೋವಾಗ ಒಂದು ಬಕೆಟ್. ಕುಡಿಯೋ ನೀರಿನ ಫಿಲ್ಟರ್ ಆಚೆಗೆ ಬಿಡೋ ನೀರು. ಚರಂಡಿಗೆ ಹೋಗೋ ಬದಲು ಗಿಡಕ್ಕೆ. ಸರಿಯಾ?”

“ಸರಿಯಿಲ್ಲ ಮೇಷ್ಟ್ರೇ,” ಎಂದರು ಮಾದಯ್ಯ. “ಅದ್ರಲ್ಲಿ ಉಪ್ಪೇ ಜಾಸ್ತಿ.”

ಅಷ್ಟು ವರ್ಷ ‘ಸರಿಯಾ?’ ಎಂದು ಕೇಳುತ್ತಾ ಬಂದ ಮೇಷ್ಟ್ರಿಗೆ ಮೊದಲ ಸಲ ಉತ್ತರ ಸಿಕ್ಕಿತ್ತು. ಬೇರೆ ದಿನವಾಗಿದ್ದರೆ ಆ ಮುಖವನ್ನು ನಾನು ಆರು ತಿಂಗಳು ಮಾಡಿ ತೋರಿಸುತ್ತಿದ್ದೆ. ಆದರೆ ನನ್ನದೂ ಅದೇ ಮುಖ. ಮೂರು ಜನ, ಒಬ್ಬರಿಗೊಬ್ಬರು ತಿಳಿಯದ ಹಾಗೆ, ಒಂದೇ ಬಳ್ಳಿಯ ಮೇಲೆ ಕರುಣೆ ಸುರಿದಿದ್ದೆವು.

ಮಾದಯ್ಯ ಕೊಳೆತ ಮಣ್ಣನ್ನು ಬಗೆದು ತೆಗೆದರು. ನೀರು ಬಸಿದು ಹೋಗಲು ನನ್ನ ಕೈಯಲ್ಲಿ ಒಂದು ಕಾಲುವೆ ತೋಡಿಸಿದರು. ಆಮೇಲೆ ನುಗ್ಗೆಮರಕ್ಕೆ ಏಣಿ ಹಾಕಿ, ಮೇಲೆ ಇನ್ನೂ ಹಸಿರಾಗಿದ್ದ ಬಳ್ಳಿಯನ್ನು ಮಲಗಿದ ಮಗುವನ್ನು ಇಳಿಸುವ ಹಾಗೆ ಇಳಿಸಿ, ಅದರ ಎರಡು ಗೆಣ್ಣುಗಳನ್ನು ಒಂದು ಮೊಳ ದೂರದಲ್ಲಿ ಮರಳು ಬೆರೆಸಿದ ಹೊಸ ಮಣ್ಣಿನಲ್ಲಿ ಹೂತು, ತುದಿಯನ್ನು ಮತ್ತೆ ಮರಕ್ಕೆ ಕಟ್ಟಿದರು.

“ಇವತ್ತು ಒದ್ದೆ ಮಾಡೀವ್ನಿ, ಸಾಕು. ಇನ್ನು ನಾಲ್ಕು ದಿನ ಒಂದು ಅನಿ ಬೀಳಂಗಿಲ್ಲ. ಆಮೇಲೆ ನಿನ್ನ ಮಿಷನ್ನು ಬೆಳಿಗ್ಗೆ ಹತ್ತೇ ನಿಮಿಷ. ಕೊಡ ಇಲ್ಲ, ಬಕೆಟ್ ಇಲ್ಲ.”

“ಬದುಕ್ತದಾ?”

“ಗೆಣ್ಣಿಗೆ ಬೇರು ಬಂದ್ರೆ ಬದುಕ್ತದೆ. ಬರ್ದಿದ್ರೆ ಗಿರಿಜಕ್ಕಂಗೆ ಏನೇಳ್ತೀಯ ಅಂತ ಈಗ್ಲೇ ಯೋಚ್ನೆ ಮಾಡಿಟ್ಕೊ.”

ನೀರು ಹಾಕದೆ ನಾಲ್ಕು ದಿನ ಸುಮ್ಮನಿರುವುದು ಎಷ್ಟು ಕಷ್ಟ ಎಂದು ಆವರೆಗೆ ನನಗೆ ಗೊತ್ತಿರಲಿಲ್ಲ. ಸುಡುವ ಬಿಸಿಲು. ನಾನು ಕಿಟಕಿಯಲ್ಲಿ, ಸರ್ವಮಂಗಳಮ್ಮ ಕಾಂಪೌಂಡಿನಲ್ಲಿ, ಮೇಷ್ಟ್ರು ಮೆಟ್ಟಿಲಲ್ಲಿ. ಒಬ್ಬರನ್ನೊಬ್ಬರು ಕಾಯುತ್ತಾ ಕೂತೆವು. ಮೇಷ್ಟ್ರು ಕೈಯಲ್ಲಿ ಚೊಂಬು ಹಿಡಿದು ಬಚ್ಚಲಿಗೆ ಹೊರಟರೂ ಸರ್ವಮಂಗಳಮ್ಮ “ಎಲ್ಲಿಗೆ?” ಎನ್ನುತ್ತಿದ್ದರು. ಎಲೆ ಇನ್ನೂ ಉದುರುತ್ತಲೇ ಇತ್ತು. ಏಳು, ಐದು, ಐದು, ಎರಡು. ಸಂಜೆ ಏಳಕ್ಕೆ ಅತ್ತೆಯ ಫೋನು ಬರುತ್ತಲೇ ಇತ್ತು, ಆದರೆ ವಿಚಿತ್ರವೆಂದರೆ ಅವರು ಬಳ್ಳಿಯ ಮಾತೇ ಎತ್ತುತ್ತಿರಲಿಲ್ಲ. “ಊಟ ಆಯ್ತಾ?” ಎನ್ನುವರು. ಬಳ್ಳಿ ಹೇಗಿದೆ ಎಂದು ಕೇಳಿದಾಗಿನ ಭಯಕ್ಕಿಂತ ಕೇಳದಾಗಿನ ಭಯ ದೊಡ್ಡದಿತ್ತು.

ಅವರು ಬರುವ ಹಿಂದಿನ ದಿನ, ಹೂತ ಗೆಣ್ಣಿನಿಂದ ಒಂದು ಚಿಗುರು ಎದ್ದಿತ್ತು. ಕಿರುಬೆರಳಿನ ಉಗುರಷ್ಟು. ಯಾರನ್ನೂ ಕರೆಯಬೇಕಾಗಲಿಲ್ಲ, ಮೂವರೂ ಅಲ್ಲೇ ಇದ್ದೆವು.

ಅತ್ತೆ ಬಂದರು, ಹಿಂದೆ ಮುಖದ ಮೇಲೆ ಇನ್ನೂ ಕಲೆಗಳಿದ್ದ ಕುಸುಮಕ್ಕ. ಅತ್ತೆ ಕಾಲು ತೊಳೆದು ನೇರ ಹಿತ್ತಲಿಗೆ ಹೋದರು. ಇಳಿಸಿ ಕಟ್ಟಿದ ಬಳ್ಳಿ, ತೋಡಿದ ಕಾಲುವೆ, ಕಪ್ಪು ಪೈಪು. ಎಲ್ಲವನ್ನೂ ನೋಡಿದರು. ಚಿಗುರನ್ನು ಬೆರಳ ತುದಿಯಲ್ಲಿ ಮುಟ್ಟಿದರು. ನಾನು ಬಾಗಿಲಲ್ಲಿ ಬೈಗುಳಕ್ಕೆ ಬೆನ್ನೊಡ್ಡಿ ನಿಂತಿದ್ದೆ. ಅವರು ಒಳಗೆ ಬಂದು, ಕಾಫಿ ಕಾಸಿ, ಒಂದು ಗುಟುಕು ಕುಡಿದು, “ಪಾತ್ರೆಗೇನೋ ಪ್ಲಾಸ್ಟಿಕ್ ವಾಸ್ನೆ,” ಎಂದರು. ಅಷ್ಟೇ. ಒಂದು ವಾರ ಅಷ್ಟೇ.

ನಿಶ್ಚಿತಾರ್ಥದ ಬೆಳಿಗ್ಗೆ ಸ್ನಾನ ಮಾಡಿ ಬಂದ ಅತ್ತೆ ಕಬ್ಬಿಣದ ಉಗುರನ್ನು ನನ್ನ ಹೆಬ್ಬೆರಳಿಗೆ ಹಾಕಿದರು. ಅಲ್ಲಿಯವರೆಗೆ ಅದನ್ನು ನನಗೆ ಮುಟ್ಟಲೂ ಕೊಟ್ಟಿರಲಿಲ್ಲ. “ಐದು ಎಲೆ ಬಿಡಿಸು. ಅದಕ್ಕಿಂತ ಜಾಸ್ತಿ ಕೇಳೋ ಹಾಗಿಲ್ಲ ಅದನ್ನ.” ಮೂರನೆಯ ಎಲೆಯ ಹೊತ್ತಿಗೆ ನಾನು ಎಲ್ಲ ಹೇಳಿಬಿಟ್ಟೆ. ಮುಕ್ಕಾಲು ಗಂಟೆ, ಜೇಬಿನ ಎಲೆ, ಹಳೆಯ ಫೋಟೋ, ಒಗೆಯುವ ಕಲ್ಲಿನ ಹಿಂದಿನ ಸರ್ವಮಂಗಳಮ್ಮ. ಅತ್ತೆ ಮಾರ್ಕೆಟ್ಟಿನಿಂದ ತಂದ ಎಲೆಯ ಕಟ್ಟಿನ ಮೇಲೆ ಈ ಐದನ್ನು ಜೋಡಿಸುತ್ತಾ ಕೇಳಿಸಿಕೊಂಡರು. ಆಮೇಲೆ, “ಮಾದಯ್ಯ ಯಾಕೆ ಬಂದ ಅಂತ ಒಂದು ಸಲಾನಾದ್ರೂ ಕೇಳಿದ್ಯಾ ನೀನು?” ಎಂದರು.

ಆಗ ತಿಳಿಯಿತು. ನನ್ನ ಸರ್ವಮಂಗಳಮ್ಮನ ಮಾತು ಮುಗಿದ ಗಳಿಗೆಯಲ್ಲೇ ಅತ್ತೆ ಕೆಸರೆಗೆ ಫೋನು ಮಾಡಿದ್ದರು.

ಈಗ ಬಳ್ಳಿ ಮತ್ತೆ ನುಗ್ಗೆಮರದ ಅರ್ಧ ಹತ್ತಿದೆ. ಟೈಮರಿನಲ್ಲಿ ಹತ್ತೇ ನಿಮಿಷ, ಮಾದಯ್ಯ ಹೇಳಿದಷ್ಟು. ಅದು ಟಿಕ್ ಎಂದಾಗ ನಾನು ಬರಿಗಾಲಲ್ಲಿ ಹೋಗಿ ಮಣ್ಣಿಗೆ ಎರಡು ಬೆರಳು ಇಳಿಸಿ ಮೂಸುತ್ತ ಕೂರುತ್ತೇನೆ. ಆಟೋಮ್ಯಾಟಿಕ್ ಅಂದಮೇಲೆ ನೀನ್ಯಾಕೋ ದಿನಾ ಹೋಗ್ತೀಯ ಎಂದು ಕುಸುಮಕ್ಕ ಬಂದಾಗಲೆಲ್ಲ ನಗುತ್ತಾಳೆ. ನಗಲಿ. ಸರ್ವಮಂಗಳಮ್ಮನನ್ನು ನಾನು ಈಗಲೂ ಮಾಡುತ್ತೇನೆ, ಆದರೆ ಅವರ ಮುಂದೆ, ಅವರಿಗೇ ಕೇಳುವ ಹಾಗೆ.

ಆದರೆ ಅವತ್ತು ಬೆಳಿಗ್ಗೆ, ಐದು ಎಲೆಯ ತಟ್ಟೆಯ ಮುಂದೆ, ನನ್ನನ್ನು ಕೊರೆದದ್ದು ಪಶ್ಚಾತ್ತಾಪವಲ್ಲ, ಕಲಾವಿದನ ಗರ್ವ. ಹೆಜ್ಜೆ ಸದ್ದಿತ್ತು, ಗೇಟಿತ್ತು, ಕೆಮ್ಮಿತ್ತು. ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ: “ಅತ್ತೆ, ದನೀಲಿ ಎಲ್ಲಿ ತಪ್ಪಿದೆ ನಾನು?”

ಅತ್ತೆ ತಟ್ಟೆ ಎತ್ತಿಕೊಂಡರು.

“ದನಿ ಅವಳದ್ದೇ ಕಣೋ, ಒಂದಿಷ್ಟೂ ತಪ್ಪಿರ್ಲಿಲ್ಲ. ಆದ್ರೆ ಮೂವತ್ತು ವರ್ಷದಿಂದ ಪಕ್ಕದಲ್ಲಿದ್ದಾಳೆ, ನನ್ನ ಮನೇದು ಒಂದು ಹುಲ್ಲುಕಡ್ಡೀನಾದ್ರೂ ಚೆನ್ನಾಗಿದೆ ಅಂದೋಳಲ್ಲ. ಅವಳ ಬಾಯಲ್ಲಿ ನನ್ನ ಬಳ್ಳಿ ಹೊಗಳಿಸಿದ್ಯಲ್ಲ, ಆಗ್ಲೇ ಗೊತ್ತಾಯ್ತು ನಂಗೆ, ಬಳ್ಳಿ ಸಾಯ್ತಾ ಇದೆ ಅಂತ.”